ರೋಮನರ ಗಾರೆ

ರೋಮ್ ನಗರದ ಪ್ಯಾಂಥಿಯನ್ ದೇವಾಲಯವು ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು. ಅದರ ಕಾಂಕ್ರೀಟು ಗುಮ್ಮಟದ ಅಡ್ಡಳತೆ ಸುಮಾರು 43 ಮೀಟರ್; ಒಳಗೆ ಕಬ್ಬಿಣದ ಸರಳುಗಳ ಆಸರೆಯಿಲ್ಲ. ಹತ್ತೊಂಬತ್ತು ಶತಮಾನಗಳ ಮಳೆಬಿಸಿಲನ್ನು ತಡೆದು ಅದು ಇಂದಿಗೂ ನಿಂತಿದೆ. ನಮ್ಮ ಕಾಲದ ಕಾಂಕ್ರೀಟೋ ಅರ್ಧ ಶತಮಾನ ತುಂಬುವುದರೊಳಗೆ ಬಿರಿಯುವುದುಂಟು. ಇದರ ಮರ್ಮವೇನೆಂದು ಪಂಡಿತರು ಬಹುಕಾಲ ಗ್ರಂಥಗಳನ್ನೇ ಕೇಳುತ್ತಿದ್ದರು.

ಗ್ರಂಥವೆಂದರೆ ಮುಖ್ಯವಾಗಿ ವಿಟ್ರೂವಿಯಸನದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಈ ಶಿಲ್ಪಿಯು ವಾಸ್ತುವಿದ್ಯೆಯನ್ನು ಕುರಿತು ಹತ್ತು ಪುಸ್ತಕಗಳನ್ನು ಬರೆದನು. ಬಾಯೆ ಪ್ರಾಂತದ ಜ್ವಾಲಾಮುಖಿಯ ಬೂದಿಮಣ್ಣನ್ನು ಅವನು ಕೊಂಡಾಡುತ್ತಾನೆ. ಅಗೆದು ತೆಗೆದ ಮರಳಾದರೆ ಮೂರು ಪಾಲಿಗೆ ಒಂದು ಪಾಲು ಸುಣ್ಣ, ಹೊಳೆಯ ಮರಳಾದರೆ ಎರಡು ಪಾಲಿಗೆ ಒಂದು ಎಂದು ಅಳತೆಯನ್ನೂ ಕೊಡುತ್ತಾನೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿಯೇ ಮರಳಿಗೆ ಬೆರೆಸಬೇಕೆಂಬುದು ಅವನ ವಿಧಿ.

ಗೋಡೆಗಳ ಸಾಕ್ಷ್ಯ ಬೇರೆಯಾಗಿದ್ದಿತು. ರೋಮನ್ ಗಾರೆಯನ್ನು ಒಡೆದು ನೋಡಿದರೆ ಸಣ್ಣ ಸಣ್ಣ ಬಿಳಿಯ ಸುಣ್ಣದ ಗಂಟುಗಳು ಕಾಣುತ್ತವೆ. ಸರಿಯಾಗಿ ಕಲಸದ್ದರ ಗುರುತು ಇದೆಂದು ವಿದ್ವಾಂಸರು ತಳ್ಳಿಹಾಕಿದ್ದರು. ಇಂತಹ ಗುಮ್ಮಟವನ್ನೆತ್ತಿದ ಜನ ಕಲಸುವುದರಲ್ಲಿ ಮಾತ್ರ ಸೋಮಾರಿಗಳಾದರೆಂಬುದನ್ನು ನಾವು ಸುಲಭವಾಗಿ ನಂಬಲಾರೆವು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಅದ್ಮಿರ್ ಮಾಸಿಚ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ನಂಬಲಿಲ್ಲ. ಇಟಲಿಯ ಪ್ರಿವೆರ್ನಮ್ ಪಟ್ಟಣದ ಕೋಟೆಗೋಡೆಯ ಚೂರುಗಳನ್ನು ಪರೀಕ್ಷಿಸಿ, ಆ ಗಂಟುಗಳು ಬಲುಬಿಸಿಯಲ್ಲಿ ಹುಟ್ಟಿದುವೆಂದು ಅವರು ಕಂಡರು. ಸುಟ್ಟ ಸುಣ್ಣದ ಕಲ್ಲಿಗೆ ನೀರೆರೆದಾಗ ಅದು ಕೊತಕೊತ ಕುದಿಯುವುದನ್ನು, ಹಬ್ಬಕ್ಕೆ ಸುಣ್ಣ ಬಳಿಸುವ ಮನೆಗಳಲ್ಲಿ ಬೆಳೆದ ಕೇಳುಗರು ಬಲ್ಲರು. ಆ ಕುದಿತವು ಹೊರಗಿನ ಗುಂಡಿಯಲ್ಲಿ ನಡೆಯದೆ ಗಾರೆಯೊಳಗೇ ನಡೆದಿದ್ದರೆ?

ಊಹೆ ಮಾಡಿ ಸುಮ್ಮನಾಗದೆ ಅವರು ಹಾಗೆಯೇ ಕಲಸಿ ನೋಡಿದರು. ಅಚ್ಚುಗಳನ್ನು ಬೇಕೆಂದೇ ಸೀಳಿ, ಅರ್ಧ ಮಿಲಿಮೀಟರಿನ ಬಿರುಕಿನಲ್ಲಿ ನೀರು ಹರಿಸಿದರು. ಎರಡು ವಾರದೊಳಗೆ ಬಿರುಕು ಮುಚ್ಚಿ ನೀರು ನಿಂತಿತು: ಗಂಟುಗಳ ಸುಣ್ಣ ನೀರಿನಲ್ಲಿ ಕರಗಿ, ಬಿರುಕಿನಲ್ಲಿ ಮತ್ತೆ ಕಲ್ಲಾಗಿ ಕಟ್ಟಿಕೊಂಡಿತ್ತು. ಸುಡುಸುಣ್ಣವಿಲ್ಲದ ಅಚ್ಚಿನಲ್ಲಿ ನೀರು ಹರಿಯುತ್ತಲೇ ಇದ್ದಿತು. ಇದು 2023ರಲ್ಲಿ ಪ್ರಕಟವಾಯಿತು.

ಹೀಗೆ ಆಗಬಲ್ಲುದೆಂದು ಪ್ರಯೋಗವು ತೋರಿಸೀತು. ಹೀಗೆಯೇ ಆಯಿತೆಂದು ತೋರಿಸಲಾರದು. ಅದಕ್ಕೆ ನೆಲವನ್ನೇ ಅಗೆಯಬೇಕು. ಆ ಸಾಕ್ಷ್ಯವೂ ದೊರೆತಿದೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಕಾರಿದಾಗ ಪೊಂಪೇಯಿಯ ಒಂದು ಮನೆಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದಿತು. ಈಚೆಗೆ ಅಲ್ಲಿ ಗಾರೆಯ ಒಣ ರಾಶಿಗಳು ಸಿಕ್ಕಿದುವು. ಅವುಗಳಲ್ಲಿ ಸುಡುಸುಣ್ಣವು ಬೂದಿಮಣ್ಣಿನೊಡನೆ, ನೀರು ಸೋಕುವ ಮೊದಲೇ, ಬೆರೆತಿದ್ದಿತೆಂದು 2025ರಲ್ಲಿ ಅದೇ ಸಂಶೋಧಕರು ತಿಳಿಸಿದರು.

ಹಾಗಾದರೆ ವಿಟ್ರೂವಿಯಸ್ ತಪ್ಪು ಬರೆದನೆ? ಹಾಗೆನ್ನಲು ನಾವು ಸಿದ್ಧರಿಲ್ಲ. ಪೊಂಪೇಯಿಯ ಆ ಗಾರೆ ಅವನ ಗ್ರಂಥಕ್ಕಿಂತ ಸುಮಾರು ನೂರು ವರ್ಷ ಈಚಿನದು; ಒಂದೇ ಸಾಮ್ರಾಜ್ಯದಲ್ಲಿ ಎರಡು ಬಗೆಯ ಕಲಸಾಟ ಇರಲಾಗದೆಂಬ ನಿಯಮವೇನೂ ಇಲ್ಲವಷ್ಟೆ.