ಒಂದೇ ತಟ್ಟೆಯ ಲೂನಾಪಾಪ್

ಇಟಲಿಯ ಬೊಲೊನ್ಯಾ ವಿದ್ಯೆಗೆ ಹೆಸರಾದ ಊರು. ಅಲ್ಲಿನ ವಿಶ್ವವಿದ್ಯಾಲಯ 1088ರಷ್ಟು ಹಿಂದೆ ಹುಟ್ಟಿತೆಂದು ಪ್ರತೀತಿ. ಬಿಸಿಲು ಮಳೆಗಳ ಅಂಜಿಕೆಯಿಲ್ಲದೆ ಮೈಲಿಗಟ್ಟಲೆ ನಡೆಯಬಹುದಾದ ಕಮಾನುಸಾಲುಗಳು ಅದರ ಬೀದಿಗಳಿಗೆ ಶೋಭೆ. ದಕ್ಷಿಣದಲ್ಲಿ ಊರಿನ ಅಂಚು ದಾಟಿದರೆ ಹಸಿರು ಗುಡ್ಡಗಳು. 1999ರ ಬೇಸಗೆಯಲ್ಲಿ ಇಟಲಿಗೆ ಇಟಲಿಯೇ ಆ ಗುಡ್ಡಗಳ ಹೆಸರನ್ನು ಗುನುಗತೊಡಗಿತು. ಅದಕ್ಕೆ ಕಾರಣರಾದವರು ವಿಶ್ವವಿದ್ಯಾಲಯದ ಪಂಡಿತರಲ್ಲ. ಶಾಲೆಯ ಓದನ್ನು ಆಗಷ್ಟೆ ಮುಗಿಸುತ್ತಿದ್ದ ಹುಡುಗರು. ಐವರ ಆ ತಂಡದ ಹೆಸರು ಲೂನಾಪಾಪ್.

ಹಾಡಿನ ಹೆಸರು ‘50 ಸ್ಪೆಷಲ್’. ಇದು ಪ್ರೇಯಸಿಯ ಹೆಸರಲ್ಲ, ಸ್ಕೂಟರಿನದು! ವೆಸ್ಪಾ ಎಂದರೆ ಇಟಲಿಯ ಭಾಷೆಯಲ್ಲಿ ಕಣಜ. 1946ರಲ್ಲಿ ಪಿಯಾಜಿಯೊ ಕಂಪೆನಿ ಹೊರತಂದ ಈ ಗಾಡಿಯನ್ನು 1960ರ ದಶಕದಲ್ಲಿ ಬಜಾಜ್ ಕಂಪೆನಿಯವರು ಪರವಾನಗಿ ಪಡೆದು ನಮ್ಮ ದೇಶದಲ್ಲಿಯೂ ತಯಾರಿಸಿದ್ದರು. ನಮ್ಮ ಹಿರಿಯರಿಗೆ ಅದರ ಸದ್ದು ಹೊಸದಲ್ಲ. ಆದರೆ ‘50 ಸ್ಪೆಷಲ್’ ಅದರ ಕಿರಿಯ ತಂಗಿ. ಆ ಕಾಲದ ಇಟಲಿಯಲ್ಲಿ 50 ಸಿ.ಸಿ.ಯ ಗಾಡಿಯನ್ನು ಹದಿನಾಲ್ಕು ತುಂಬಿದ ಹುಡುಗರು ಲೈಸೆನ್ಸಿನ ಗೊಡವೆಯಿಲ್ಲದೆ ಓಡಿಸಬಹುದಿತ್ತು. ಮನೆಯವರ ಕಣ್ಣಳತೆಯಿಂದ ಆಚೆಗೆ ಹೋಗುವ ಮೊದಲ ಸ್ವಾತಂತ್ರ್ಯ ಅದೇ. ಈ ಮಾದರಿ ಮಾರುಕಟ್ಟೆಗೆ ಬಂದದ್ದು 1969ರಲ್ಲಿ. ಹಾಡು ಬರೆದ ಚೇಸರೆ ಕ್ರೆಮೊನೀನಿ ಹುಟ್ಟಿದ್ದು 1980ರಲ್ಲಿ. ತನಗಿಂತ ಹಿರಿದಾದ ಗಾಡಿಯ ಮೇಲೆ ಹುಡುಗನಿಗೆ ಅಷ್ಟು ಮೋಹ! ತಂದೆಯ ಯೌವನವನ್ನು ಮಗ ಕಡ ತಂದು ಹಾಡಿದಂತಿದೆ. ಹಾಡು ಮಕ್ಕಳಿಗೆ ಹಿಡಿಸಿದಷ್ಟೇ ತಂದೆತಾಯಿಗಳಿಗೂ ಹಿಡಿಸಿತೆಂದರೆ ಆಶ್ಚರ್ಯವಿಲ್ಲ.

ಬೊಲೊನ್ಯಾದಲ್ಲಿ ಗೀತಕಾರರಿಗೆ ಬರವಿಲ್ಲ. ಲೂಚಿಯೊ ದಾಲ್ಲಾ ಅಲ್ಲಿಯವನೇ. ಗುಚ್ಚೀನಿ ಅಲ್ಲಿಯೇ ನೆಲೆಸಿ ಹಾಡು ಕಟ್ಟಿದವನು. ಗುಚ್ಚೀನಿಯ ಹಾಡುಗಳಲ್ಲಿ ರಾಜಕೀಯದ ಬಿಸಿಯುಂಟು, ವಿಚಾರದ ಭಾರವುಂಟು. ಹುಡುಗರ ಹಾಡಿನಲ್ಲಿ ಅದೊಂದೂ ಇಲ್ಲ. ರಜೆಯ ದಿನದ ಗಾಳಿ ಮಾತ್ರ ಇದೆ. ಅದನ್ನು ಹಗುರವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಗುರವಾದುದನ್ನು ಕೆಳಗೆ ಬೀಳದಂತೆ ಎತ್ತಿ ಹಿಡಿಯುವುದೂ ಒಂದು ವಿದ್ಯೆಯೇ.

ಅದೇ ವರ್ಷದ ನವೆಂಬರಿನಲ್ಲಿ ಅವರ ಹಾಡುಗಳ ತಟ್ಟೆ ‘ಸ್ಕ್ವೇರೆಸ್?’ ಹೊರಬಿತ್ತು. ಹೆಸರಿಗೇ ಒಂದು ಪ್ರಶ್ನಾರ್ಥಕ ಚಿಹ್ನೆ. ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಖರ್ಚಾದವು. 1964ರಲ್ಲಿ ಕಾಸು ಹಾಕಿ ಹಾಡು ಕೇಳುವ ಜ್ಯೂಕ್‌ಬಾಕ್ಸುಗಳ ಲೆಕ್ಕದ ಮೇಲೆ ಆರಂಭವಾಗಿದ್ದ ಫೆಸ್ಟಿವಲ್‌ಬಾರ್ ಸ್ಪರ್ಧೆಯನ್ನು 2000ದಲ್ಲಿ ಇವರ ‘ಕ್ವಾಲ್‌ಕೋಸಾ ದಿ ಗ್ರಾಂದೆ’ ಗೆದ್ದಿತು. ‘ಏನೋ ಒಂದು ದೊಡ್ಡದು’ ಎಂದು ಆ ಹೆಸರಿನ ಅರ್ಥ.

ಆ ದೊಡ್ಡದು ಬಂದೂ ಬಂತು, ತಂಡಕ್ಕೆ ಅದನ್ನು ತಾಳಿಕೊಳ್ಳಲಾಗಲಿಲ್ಲ. 2002ರ ಹೊತ್ತಿಗೆ ಲೂನಾಪಾಪ್ ಒಡೆದುಹೋಯಿತು. ಎರಡನೆಯ ತಟ್ಟೆ ಬರಲೇ ಇಲ್ಲ. ಸ್ನೇಹಿತರಲ್ಲಿ ಬಿರುಕು ಬಿಟ್ಟಿತ್ತು. ಹೊರಗಿನಿಂದ ನೋಡುವವರಿಗೆ ಕಾಣುವುದಿಷ್ಟು: ಲೇಖನಿಯೂ ಕಂಠವೂ ಒಬ್ಬನದೇ ಆದಾಗ, ಹೆಸರು ಐವರದಾದರೂ ತೂಕ ಒಂದೇ ಕಡೆಗೆ ವಾಲುತ್ತದೆ. ಅಲ್ಲದೆ ಆ ಹಾಡುಗಳು ಶಾಲೆಯ ಹುಡುಗರವು. ಲಕ್ಷಾಂತರ ಜನರ ಎದುರಿಗೆ ನಿಂತ ಮೇಲೆ ಅಂಥವನ್ನೇ ಮತ್ತೆ ಬರೆಯಲು ಅವರು ಯಾವ ಶಾಲೆಗೆ ಹೋಗಬೇಕಿತ್ತು?

ಕ್ರೆಮೊನೀನಿ ಅದೇ 2002ರಲ್ಲಿ ‘ಬಾಗುಸ್’ ಎಂಬ ತನ್ನದೇ ತಟ್ಟೆ ತಂದ. ಬಾಸ್ ಗಿಟಾರಿನ ಬಾಲೆಸ್ತ್ರಿ, ಎಲ್ಲರ ಬಾಯಲ್ಲಿ ‘ಬಾಲ್ಲೊ’, ಒಬ್ಬನೇ ಅವನ ಜೊತೆಯಲ್ಲಿ ಉಳಿದ. 2018ರ ಜೂನ್‌ನಲ್ಲಿ ಕ್ರೆಮೊನೀನಿ ಬೊಲೊನ್ಯಾದ ಕ್ರೀಡಾಂಗಣದಲ್ಲಿ ಹಾಡಿದಾಗಲೂ ‘50 ಸ್ಪೆಷಲ್’ ಬಿಟ್ಟುಹೋಗಲಿಲ್ಲ. ಆ ಮಾದರಿಯ ಗಾಡಿ ಕಾರ್ಖಾನೆಯಿಂದ ಹೊರಬರುವುದು ನಿಂತು ಅಷ್ಟು ಹೊತ್ತಿಗೆ ಮೂವತ್ತು ವರ್ಷ ಮೀರಿತ್ತು.