ದನಗಾರರ ದೊಡ್ಡಮನೆ

ಸರಕಾರಿ ಕ್ವಾರ್ಟರ್ಸಿನಲ್ಲಿ ಬಾಳುವ ನಮ್ಮಂಥವರಿಗೆ ‘ಮನೆತನ’ ಎಂದೊಡನೆ ಊರಿನ ಹಳೆಯ ಮನೆ ನೆನಪಾಗುತ್ತದೆ. ಮನೆ ಉಳಿದರೆ ಮನೆತನದ ಕಥೆಯೂ ಉಳಿಯುತ್ತದೆಂಬುದು ನಮ್ಮ ನಂಬಿಕೆ. ಆದರೆ ಯಾರ ಕಥೆ? ಅಮೆರಿಕದ ಮೊಂಟಾನಾ ರಾಜ್ಯದ ಪುಟ್ಟ ಊರು ಡೀರ್ ಲಾಡ್ಜ್‌ನಲ್ಲಿರುವ ಮನೆಯೊಂದನ್ನು ಈ ದೃಷ್ಟಿಯಿಂದ ನೋಡೋಣ.

1862ರಲ್ಲಿ ಅದನ್ನು ಕಟ್ಟಿಸಿದವನು ಜಾನಿ ಗ್ರಾಂಟ್. ಪಶ್ಚಿಮಕ್ಕೆ ವಲಸೆ ಹೊರಟವರಿಗೆ ಪುಷ್ಟವಾದ ಒಂದು ದನ ಕೊಟ್ಟು, ದಣಿದ ಎರಡನ್ನು ಪಡೆಯುವುದು; ಅವನ್ನು ಹುಲ್ಲುಗಾವಲಿನಲ್ಲಿ ಮೇಯಿಸಿ ಮರುವರ್ಷ ಮಾರುವುದು. ಇದೇ ಆತನ ವ್ಯಾಪಾರ. ಮಡದಿ ಕ್ವಾರಾ ಅಲ್ಲಿನ ಮೂಲನಿವಾಸಿಗಳ ಕುಲದವಳು. ಹೊರಗಿನಿಂದ ಬಂದ ವ್ಯಾಪಾರಿಗೆ ಇಂಥ ನೆಂಟಸ್ತಿಕೆ ದೊಡ್ಡ ಆಸರೆ.

1866ರಲ್ಲಿ ಗ್ರಾಂಟ್ ಈ ಆಸ್ತಿಯನ್ನು ಕಾನ್ರಾಡ್ ಕೋರ್ಸ್ ಎಂಬವನಿಗೆ 19,200 ಡಾಲರಿಗೆ ಮಾರಿದ. ಮರುವರ್ಷ ಕ್ವಾರಾ ತೀರಿಕೊಂಡಳು. ಗ್ರಾಂಟ್ ಕೆನಡಾಕ್ಕೆ ಹೊರಟುಹೋದ.

ಹೋಲ್‌ಸ್ಟೈನ್ ಪ್ರಾಂತದಲ್ಲಿ ಹುಟ್ಟಿದ ಕೋರ್ಸ್, ಚಿನ್ನದ ಗಣಿಗಾರರಿಗೆ ಮಾಂಸ ಮಾರಿ ಮೇಲೆ ಬಂದವನು. 1868ರಲ್ಲಿ ಹತ್ತೊಂಬತ್ತರ ಹರೆಯದ ಆಗಸ್ಟಾ ಮದುವಣಗಿತ್ತಿಯಾಗಿ ಈ ಮನೆ ಸೇರಿದಳು. 1886-87ರ ಭೀಕರ ಚಳಿಗಾಲದಲ್ಲಿ ಮೊಂಟಾನಾ ಬಯಲಿನ ಲಕ್ಷಾಂತರ ದನಗಳು ಸತ್ತವು. ಕೋರ್ಸ್ ಸಾಲ ತಂದು ಮತ್ತೆ ತಲೆಯೆತ್ತಿದ. 1890ರಲ್ಲಿ ಮನೆಗೆ ಇಟ್ಟಿಗೆಯ ಹೊಸ ಭಾಗ ಸೇರಿಸಿದ. ಆದರೆ 1901ರಲ್ಲಿ, ಓದುತ್ತಿದ್ದ ಮಗ ವಿಲಿಯಂ ತೀರಿಕೊಂಡ. ಅವನ ಹೆಸರಿನಲ್ಲಿ ದಂಪತಿಗಳು ಊರಿಗೊಂದು ಗ್ರಂಥಾಲಯ ಕಟ್ಟಿಸಿಕೊಟ್ಟರು. ಕೋರ್ಸ್ 1920ರಲ್ಲಿ ಕಾಲವಾದ. ಆಗಸ್ಟಾ 1945ರವರೆಗೆ ಬದುಕಿದ್ದಳು.

ಮೊಮ್ಮಗನ ಕಾಲದಲ್ಲಿ ಆಸ್ತಿ ಸರಕಾರದ ಕೈಸೇರಿತು. 1972ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿತವಾಗಿ, 1977ರಲ್ಲಿ ಪ್ರೇಕ್ಷಕರಿಗೆ ತೆರೆಯಿತು. ಅದರ ಹೆಸರು ‘ಗ್ರಾಂಟ್-ಕೋರ್ಸ್ ರ‍್ಯಾಂಚ್’. ಇಬ್ಬರು ಗಂಡಸರ ಹೆಸರು ಫಲಕವೇರಿತು. ಅಲ್ಲಿ ಮೊದಲು ಒಲೆ ಹಚ್ಚಿದ ಕ್ವಾರಾಳ ಹೆಸರು ಏರಲಿಲ್ಲ.

ದೂರದವರನ್ನು ಆಕ್ಷೇಪಿಸುವ ಮುನ್ನ ನಮ್ಮನ್ನೇ ಕೇಳಿಕೊಂಡೆವು. ಮೂರು ತಲೆಮಾರಿನ ಅಜ್ಜಂದಿರ ಹೆಸರು ಬಾಯಿಪಾಠವಿರುವ ನಮಗೆ, ಮುತ್ತಜ್ಜಿಯ ತವರೂರು ಯಾವುದೆಂದು ತಿಳಿಯದು. ಹೇಳಬಲ್ಲ ಹಿರಿಯರು ಒಬ್ಬಿಬ್ಬರು ಊರಿನಲ್ಲಿ ಇನ್ನೂ ಇದ್ದಾರೆ. ಈ ಸಲ ರಜೆಗೆ ಹೋದಾಗ ಮೊದಲು ಅದನ್ನು ಕೇಳಿ ಬರೆದಿಡುವೆವು. ಓದುಗರೂ ಹಾಗೆಯೇ ಮಾಡಲೆಂದು ನಮ್ಮ ಬಿನ್ನಹ.