ಗ್ರೂಪಿನಲ್ಲಿ ಯಾರೋ ಹಾಕಿದ ಮೆಸೇಜಿಗೆ ಅಡ್ಮಿನ್ ಜೈಲಿಗೆ ಹೋಗಬೇಕೇ?

“ಗ್ರೂಪಿನಲ್ಲಿ ಯಾರೇ ಕೆಟ್ಟ ಮೆಸೇಜ್ ಹಾಕಿದರೂ ಮೊದಲು ಅಡ್ಮಿನ್ ಮೇಲೆ ಕೇಸ್!” ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಎಷ್ಟು ನಿಜ? ನೋಡೋಣ.

ಕಾನೂನು ಏನನ್ನುತ್ತದೆ?

ಸದಸ್ಯರು ಹಾಕಿದ ಮೆಸೇಜಿಗೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊಣೆ ಮಾಡಲಾಗದು ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿತು. ಇಬ್ಬರೂ ಮೊದಲೇ ಮಾತಾಡಿಕೊಂಡು ಮಾಡಿದ್ದರೆ ಮಾತ್ರ ಬೇರೆ ಮಾತು. 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಕೂಡ ಇದನ್ನೇ ಹೇಳಿತು: ಅಡ್ಮಿನ್ ಸದಸ್ಯರನ್ನು ಸೇರಿಸಬಹುದು, ತೆಗೆಯಬಹುದು, ಅವರು ಏನು ಬರೆಯುತ್ತಾರೆ ಎಂಬುದರ ಮೇಲೆ ಹಿಡಿತವಿಲ್ಲ.

ಆದರೆ ಅಡ್ಮಿನ್ ತಾವೇ ದ್ವೇಷದ ಮೆಸೇಜ್ ಹಾಕಿದರೆ, ಫಾರ್ವರ್ಡ್ ಮಾಡಿದರೆ, ಅದಕ್ಕೆ ಅವರೇ ಹೊಣೆ.

ಹಾಗಾದರೆ ಅಡ್ಮಿನ್ ಸುಮ್ಮನಿರಬಹುದೇ?

ಇರಬಾರದು ಎನ್ನುತ್ತೇವೆ ನಾವು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಸ್ನೇಹಿತರ ತಂಡವೊಂದನ್ನು ‘ಮಕ್ಕಳ ಕಳ್ಳರು’ ಎಂದು ಜನ ಶಂಕಿಸಿದರು. ಸುದ್ದಿ ವಾಟ್ಸಾಪಿನಲ್ಲಿ ಹರಡಿತು. ಮುರ್ಕಿ ಎಂಬಲ್ಲಿ ಜನ ಅವರ ಕಾರು ತಡೆದು ಹೊಡೆದರು. ಹೈದರಾಬಾದಿನ ಯುವಕನೊಬ್ಬ ಸತ್ತ. ಅವರಲ್ಲಿ ಯಾರೂ ಮಕ್ಕಳ ಕಳ್ಳರಾಗಿರಲಿಲ್ಲ.

ಈಗ ಅಡ್ಮಿನ್ ಕೈಯಲ್ಲಿ ಮೊದಲಿಗಿಂತ ಹೆಚ್ಚು ಅಧಿಕಾರವಿದೆ. ಯಾವುದೇ ಸದಸ್ಯರ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯವನ್ನು ವಾಟ್ಸಾಪ್ 2022ರಲ್ಲಿ ಕೊಟ್ಟಿತು.

ಜಗಳ ಬಿಸಿಯೇರಿದಾಗ ಏನು ಮಾಡಬೇಕು?

1. ಗ್ರೂಪ್ ಸೆಟ್ಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಕಳಿಸುವಂತೆ ಬದಲಿಸಿ. ಕಾರಣ ಹೇಳಿ, ಮತ್ತೆ ಯಾವಾಗ ತೆರೆಯುತ್ತೀರಿ ಎಂದೂ ತಿಳಿಸಿ. ಸಿಟ್ಟು ಇಳಿಯಲು ಒಂದು ರಾತ್ರಿ ಸಾಕಾಗಬಹುದು.

2. ಬೈಗುಳ, ಜಾತಿ-ಧರ್ಮದ ನಿಂದನೆ, ವದಂತಿಯನ್ನು ಅಳಿಸಿ. ಅಳಿಸಿದ್ದು ಅಡ್ಮಿನ್ ಎಂದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಎರಡೂ ಕಡೆಯವರಿಗೆ ಒಂದೇ ನಿಯಮವಿರಲಿ. ಭಿನ್ನಾಭಿಪ್ರಾಯವನ್ನು ಮಾತ್ರ ಅಳಿಸಬೇಡಿ.

3. ಜಗಳವಾಡುವವರ ಜೊತೆ ಫೋನಿನಲ್ಲಿ ಬೇರೆ ಬೇರೆಯಾಗಿ ಮಾತಾಡಿ. ನೂರು ಜನರ ಮುಂದೆ ಬುದ್ಧಿ ಹೇಳಿದರೆ ಸೋಲೊಪ್ಪಲು ಯಾರಿಗೂ ಮನಸ್ಸು ಬರದು.

4. ಎಚ್ಚರಿಕೆ ಕೊಟ್ಟ ಮೇಲೂ ನಿಲ್ಲಿಸದಿದ್ದರೆ ಗ್ರೂಪಿನಿಂದ ತೆಗೆಯಿರಿ.

5. ಹಲ್ಲೆಗೆ ಕರೆ ಕೊಡುವ ಮೆಸೇಜ್ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು 112ಕ್ಕೆ ಕರೆ ಮಾಡಿ.

ನೀವು ಅಡ್ಮಿನ್ ಅಲ್ಲವೇ? ಖಚಿತವಿಲ್ಲದ ಸುದ್ದಿಗೆ “ಇದು ಎಲ್ಲಿಂದ ಬಂತು?” ಎಂದು ಮರ್ಯಾದೆಯಿಂದ ಕೇಳಿ. ಆ ಪ್ರಶ್ನೆ ಕೇಳಲು ಯಾವ ಅಧಿಕಾರವೂ ಬೇಕಿಲ್ಲ.